ಆ್ಯಡ್ ಆಯಿತು, ಸೇರಲಿಲ್ಲ

ಕರೂರಿನಿಂದ ಬಳ್ಳಾರಿಗೆ ಬಸ್ ಹಿಡಿದು ಕಂಪ್ಯೂಟರ್ ಓದಲು ಹೋಗುವ ನಮ್ಮ ಮಕ್ಕಳಿಗೆ ಸಿಗುವ ಭರವಸೆ ಇದು: ಬರೆದ ಕೋಡನ್ನೆಲ್ಲ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶದಲ್ಲಿಡಿ, ಕಳೆಯುವುದಿಲ್ಲ. ನಿಜ, ಕಳೆಯುವುದಿಲ್ಲ. ಒಳಗೆ ಹೋಗಿದ್ದರೆ ತಾನೇ!

ಹೊಸ ಫೈಲ್ ಮಾಡಿ, ಟರ್ಮಿನಲ್‌ನಲ್ಲಿ ‘ಗಿಟ್ ಆ್ಯಡ್’ ಜೊತೆಗೆ ಅದರ ಹೆಸರು ಟೈಪಿಸಿ ಎಂಟರ್ ಒತ್ತುತ್ತೇವೆ. ಪರದೆ ಸುಮ್ಮನಿರುತ್ತದೆ. ಕೆಲಸ ಆಗಿದೆ ಎಂಬುದಕ್ಕೆ ಈ ಮೌನವೇ ರಸೀದಿಯಂತೆ.

ಅಷ್ಟಕ್ಕೇ ಫೈಲ್ ಸೇರಿತು ಎಂದು ನಂಬುವುದು, ಜಮೀನು ನೋಂದಣಿಯಾದ ದಿನವೇ ಪಹಣಿಯಲ್ಲಿ ಹೆಸರು ಹುಡುಕಿದಂತೆ. ಅಲ್ಲಿ ಮ್ಯುಟೇಷನ್ ಆಗಬೇಕು, ತಕರಾರಿನ ಅವಧಿ ಮುಗಿಯಬೇಕು. ಇಲ್ಲಿ ‘ಕಮಿಟ್’ ಎಂಬ ಇನ್ನೊಂದು ಆದೇಶ ಕೊಡಬೇಕು. ಆ್ಯಡ್ ಮಾಡಿದ್ದು ಸರದಿಯಲ್ಲಿ ನಿಲ್ಲಿಸಿದ್ದಷ್ಟೇ.

ಸರದಿಯಲ್ಲೂ ಒಂದು ಕೊಕ್ಕೆ ಇದೆ. ಆ್ಯಡ್ ಆದ ಮೇಲೆ ಅದೇ ಫೈಲ್‌ನಲ್ಲಿ ಒಂದು ಸಾಲು ತಿದ್ದಿದಿರೋ, ಕಮಿಟ್‌ಗೆ ಹೋಗುವುದು ತಿದ್ದುವ ಮೊದಲಿನ ಪ್ರತಿ. ಹೊಸದು ಬೇಕಿದ್ದರೆ ಮತ್ತೆ ಆ್ಯಡ್ ಮಾಡಬೇಕು. ‘ಗಿಟ್ ಸ್ಟೇಟಸ್’ ಎಂದು ಕೇಳಿದರೆ ಇದನ್ನೆಲ್ಲ ಹೇಳುತ್ತದೆ. ಕೇಳದವರಿಗೆ ಹೇಳುವ ಅಭ್ಯಾಸ ಅದಕ್ಕಿಲ್ಲ.

ಖಾಲಿ ಫೋಲ್ಡರ್ ಅಂತೂ ಲೆಕ್ಕಕ್ಕೇ ಇಲ್ಲ. ಅದನ್ನು ಸೇರಿಸಲು ಒಳಗೊಂದು ‘ಗಿಟ್‌ಕೀಪ್’ ಎಂಬ ಬರಿದಾದ ಫೈಲ್ ಇಡುವುದು ರೂಢಿ. ಗಿಟ್‌ನ ನಿಯಮದಲ್ಲಿ ಆ ಹೆಸರೇ ಇಲ್ಲ, ಬಳಸುವವರೇ ಕಂಡುಕೊಂಡ ದಾರಿ. ನಮಗೇನು ಹೊಸದೇ?

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಕಟ್ಟಿದ್ದು ಲಿನಕ್ಸ್ ಕರ್ನೆಲ್ ಬರೆಯುವವರಿಗಾಗಿ. ಅವರಿಗೆ ಇಷ್ಟು ಮೆಟ್ಟಿಲು ಬೇಕಿತ್ತು. ನಾಳೆ ಪ್ರಾಜೆಕ್ಟ್ ಒಪ್ಪಿಸಬೇಕಾದ ಹುಡುಗಿಗೆ ಬೇಕೇ ಎಂದು ಯಾರೂ ಕೇಳಿದಂತಿಲ್ಲ.

ಕಮಿಟ್ ಆದರೂ ಫೈಲ್ ಇರುವುದು ನಮ್ಮ ಲ್ಯಾಪ್‌ಟಾಪ್‌ನಲ್ಲೇ. ಅದು ಕೆಟ್ಟರೆ ‘ಕಳೆಯುವುದಿಲ್ಲ’ ಎಂಬ ಮಾತೂ ಕೆಟ್ಟಿತು. ಗಿಟ್‌ಹಬ್ ಎಂಬ ಜಾಲತಾಣಕ್ಕೆ ಹೋಗಬೇಕಿದ್ದರೆ ‘ಪುಶ್’ ಮಾಡಬೇಕು. 2021ರ ಆಗಸ್ಟ್ 13ರಿಂದ ಅಲ್ಲಿ ಇದಕ್ಕೆ ಖಾತೆಯ ಪಾಸ್‌ವರ್ಡ್ ನಡೆಯುವುದಿಲ್ಲ. ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ತನ್ನಿ ಎನ್ನುತ್ತದೆ. ಹಳೆಯ ನೋಟ್ಸ್ ನೋಡಿ ಕಲಿತವರು ಇಲ್ಲಿಂದ ವಾಪಸ್.

ಬೇಸತ್ತವರು ‘ಗಿಟ್ ಆ್ಯಡ್’ ಮುಂದೆ ಒಂದು ಚುಕ್ಕೆ ಹಾಕುತ್ತಾರೆ. ಆಗ ಫೋಲ್ಡರ್‌ನಲ್ಲಿ ಇದ್ದಬದ್ದದ್ದೆಲ್ಲ ಒಟ್ಟಿಗೆ ಹೊರಡುತ್ತದೆ, ಡೇಟಾಬೇಸ್ ಪಾಸ್‌ವರ್ಡ್ ಬರೆದಿಟ್ಟ ಫೈಲ್ ಸಹಿತ. ಅದನ್ನು ‘ಗಿಟ್‌ಇಗ್ನೋರ್’ ಪಟ್ಟಿಗೆ ಮೊದಲೇ ಸೇರಿಸಿದ್ದರೆ ತಪ್ಪುತ್ತಿತ್ತು. ಕಮಿಟ್ ಆದ ಮೇಲೆ ಸೇರಿಸಿದರೆ ಪ್ರಯೋಜನವಿಲ್ಲ. ಅಳಿಸಿ ಮತ್ತೆ ಕಮಿಟ್ ಮಾಡಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಭದ್ರ. ಇಷ್ಟು ಹೊತ್ತು ನಾವು ಕೇಳಿದ ಭದ್ರತೆ ಕೊನೆಗೂ ಸಿಕ್ಕಿತು, ಪಾಸ್‌ವರ್ಡ್‌ಗೆ.