ಕಂಠ ಹಿಗ್ಗಿದರೆ ಉಸಿರು ಹೆಚ್ಚೀತೆ?

ಮನೆಗೆ ಕಾರು ಬಂದು ಎರಡು ವರ್ಷ ತುಂಬುವಷ್ಟರಲ್ಲಿ ಅದರ ವೇಗ ಸಾಲದೆಂಬ ಕೊರಗು ಮನೆಯ ತರುಣನನ್ನು ಹಿಡಿಯುವುದುಂಟು. ಆಗ ಗ್ಯಾರೇಜಿನಲ್ಲಿ ಯಾರಾದರೊಬ್ಬರು ಸುಲಭೋಪಾಯವೊಂದನ್ನು ಸೂಚಿಸುತ್ತಾರೆ: “ಥ್ರಾಟಲ್ ಬಾಡಿಯನ್ನು ಲೇತಿಗೆ ಕೊಟ್ಟು ನಾಲ್ಕೈದು ಮಿಲಿಮೀಟರ್ ಕೊರೆಯಿಸಿಬಿಡಿ, ಸ್ವಾಮಿ. ಗಾಳಿ ಹೆಚ್ಚು ಹೋಗುತ್ತೆ, ಗಾಡಿ ಹಾರುತ್ತೆ!” ತಂದೆಯ ಕಿಸೆಯಿಂದ ಹಣ ಹೊರಡುವ ಮುನ್ನ ಈ ಮಾತಿನಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ವಿಚಾರಿಸುವುದು ಲೇಸು.

ಎಂಜಿನ್ನಿನ ಶಕ್ತಿಯೆಲ್ಲವೂ ಪೆಟ್ರೋಲಿನಲ್ಲಿದೆಯೆಂಬುದು ಅರ್ಧಸತ್ಯ. 1 ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು ಸುಲಭ. ಗಾಳಿಯನ್ನು ಹೆಚ್ಚಾಗಿ ತುಂಬುವುದೇ ಕಷ್ಟ. ಆ ಗಾಳಿ ಒಳಹೋಗುವ ದಾರಿಯ ಕಂಠವೇ ಥ್ರಾಟಲ್ ಬಾಡಿ. ಅದರ ನಡುವೆ ದುಂಡಾದ ಲೋಹದ ತಟ್ಟೆಯೊಂದಿರುತ್ತದೆ. ಆಕ್ಸಿಲರೇಟರನ್ನು ತುಳಿದಂತೆ ತಟ್ಟೆ ತಿರುಗಿ ದಾರಿ ಬಿಡುತ್ತದೆ. ಆದ್ದರಿಂದ ಕಂಠವನ್ನು ಹಿಗ್ಗಿಸಿದರೆ ಉಸಿರು ಹೆಚ್ಚೀತೆಂಬ ಊಹೆ ಸಹಜವಾದದ್ದೇ.

ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 1.6 ಲೀಟರಿನ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 80 ಲೀಟರ್ ಗಾಳಿಯನ್ನು ಸೆಳೆದೀತು. 50 ಮಿಲಿಮೀಟರ್ ವ್ಯಾಸದ ಕಂಠದಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 41 ಮೀಟರ್. ಅಷ್ಟು ವೇಗದಿಂದ ಕಡಿಮೆಯಾಗುವ ಒತ್ತಡವಾದರೋ ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ಕಂಠವನ್ನು 55 ಮಿಲಿಮೀಟರಿಗೆ ಹಿಗ್ಗಿಸಿದರೆ ಈ ನಷ್ಟದಲ್ಲಿ ಮೂರನೆಯ ಒಂದು ಭಾಗ ಉಳಿಯುತ್ತದೆ. ಅಂದರೆ 100 ಅಶ್ವಶಕ್ತಿಯ ಎಂಜಿನ್ನಿಗೆ ದೊರೆಯುವ ಲಾಭ ಒಂದು ಅಶ್ವಶಕ್ತಿಯ ಮೂರನೆಯ ಒಂದು ಪಾಲಿನ ಆಸುಪಾಸು. ತಟ್ಟೆ ಮತ್ತು ಅದರ ಕಂಬಿಯ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿದರೂ ಫಲ ಬಹಳವೇನೂ ಬೆಳೆಯದು.

ಕೆರೆಯ ತೂಬನ್ನು ಎಷ್ಟು ಅಗಲಿಸಿದರೇನು, ಮುಂದಿನ ಕಾಲುವೆ ಇಕ್ಕಟ್ಟಾಗಿದ್ದರೆ ಗದ್ದೆಗೆ ಹೆಚ್ಚು ನೀರು ಹರಿಯಲಾರದು. ಎಂಜಿನ್ನಿನಲ್ಲಿಯೂ ಗಾಳಿಯನ್ನು ಹೆಚ್ಚಾಗಿ ತಡೆಯುವುದು ಸಾಮಾನ್ಯವಾಗಿ ಸಿಲಿಂಡರಿನ ಬಾಯಲ್ಲಿರುವ ವಾಲ್ವು. ಅದನ್ನು ಬಿಟ್ಟು ಕಂಠವನ್ನು ಕೊರೆದರೆ ಫಲವೇನು?

ಆದರೂ ಕೊರೆಯಿಸಿದವರು ಕಾರು ಚುರುಕಾಯಿತೆಂದು ಹೇಳುವುದುಂಟು. ಅವರು ಸುಳ್ಳಾಡುತ್ತಿಲ್ಲ. ಕಂಠ ದೊಡ್ಡದಾದಾಗ ಪೆಡಲನ್ನು ಅಷ್ಟೇ ತುಳಿದರೂ ಮೊದಲಿಗಿಂತ ಹೆಚ್ಚು ದಾರಿ ತೆರೆಯುತ್ತದೆ. ಮೊದಲು ಹೆಚ್ಚು ತುಳಿದಾಗ ದೊರೆಯುತ್ತಿದ್ದುದು ಈಗ ತುಸು ಕಡಿಮೆ ತುಳಿತದಲ್ಲಿಯೇ ದೊರೆಯುತ್ತದೆ. ಪೂರ್ತಿ ತುಳಿದಾಗ ಸಿಗುವುದು ಬಹುಮಟ್ಟಿಗೆ ಹಳೆಯ ಶಕ್ತಿಯೇ. ಚುರುಕು ಕಾಲಿಗೆ ಬಂತು, ಕಾರಿಗೆ ಬರಲಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ನಗರದ ಸಂದಣಿಯಲ್ಲಿ ಮೆಲ್ಲಗೆ ಮುಂದಕ್ಕೆ ಸರಿಯಬೇಕಾದಲ್ಲಿ ಕಾರು ಛಂಗನೆ ನೆಗೆಯುತ್ತದೆ. ಹಿಂದಿನ ಸೀಟಿನ ಮಕ್ಕಳೂ ವೃದ್ಧರೂ ತೂರಾಡುತ್ತಾರೆ. ಹೊಸ ತಟ್ಟೆ ಕೊರೆದ ಗೋಡೆಗೆ ಕೂದಲೆಳೆಯಷ್ಟು ಹೊಂದದಿದ್ದರೂ ಗಾಳಿ ನುಸುಳಿ, ನಿಂತ ಕಾರಿನ ಎಂಜಿನ್ನು ಏರುಪೇರಾಗಿ ಓಡುತ್ತದೆ. ಅದಕ್ಕಿಂತ ಮಿಗಿಲಾದ ಅಪಾಯವೆಂದರೆ ತಟ್ಟೆ ತೆರೆದಲ್ಲಿಯೇ ಸಿಕ್ಕಿಕೊಳ್ಳುವುದು. ಆಗ ಪೆಡಲಿನಿಂದ ಕಾಲು ತೆಗೆದರೂ ಕಾರು ವೇಗ ತಗ್ಗಿಸದು.

ಹಾಗಾದರೆ ಕಂಠದ ಅಗಲಕ್ಕೆ ಬೆಲೆಯೇ ಇಲ್ಲವೆ? ಕಂಠವೇ ದಾರಿಯ ಅತ್ಯಂತ ಇಕ್ಕಟ್ಟಾದ ಸ್ಥಳವಾಗಿದ್ದಾಗ ಖಂಡಿತ ಇದೆ. 1995ರ ವಿಶ್ವ ರ‍್ಯಾಲಿ ಪಂದ್ಯಗಳೇ ಇದಕ್ಕೆ ಸಾಕ್ಷಿ. ಕಾರುಗಳ ಶಕ್ತಿ ಮಿತಿಮೀರದಂತೆ, ಟರ್ಬೊ ಯಂತ್ರಕ್ಕೆ ಹೋಗುವ ಗಾಳಿಯೆಲ್ಲ 34 ಮಿಲಿಮೀಟರಿನ ಬಳೆಯೊಂದರ ಮೂಲಕವೇ ಸಾಗಬೇಕೆಂದು ಆ ವರ್ಷ ನಿಯಮವಿತ್ತು. ಅಂಥ ಕಿರುಕಂಠದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಟರ್ಬೊ ಎಷ್ಟೇ ಸೆಳೆದರೂ ಹೆಚ್ಚಿನ ಗಾಳಿ ಬಾರದು. ಸ್ಪೇನಿನ ಕ್ಯಾಟಲೋನಿಯಾ ರ‍್ಯಾಲಿಯಲ್ಲಿ ಟೊಯೋಟ ತಂಡದ ಸೆಲಿಕಾ ಕಾರುಗಳನ್ನು ಪರೀಕ್ಷಿಸಿದಾಗ ವಿಚಿತ್ರವೊಂದು ಬಯಲಾಯಿತು. ಜೋಡಿಸಿದಾಗ ಬಳೆ ಕೆಲವೇ ಮಿಲಿಮೀಟರ್ ಸರಿದು ಅದರ ಪಕ್ಕದಲ್ಲಿ ಗುಟ್ಟಿನ ದಾರಿ ತೆರೆಯುತ್ತಿತ್ತು. ತನಿಖೆಗೆಂದು ಬಿಚ್ಚಿದರೆ ಸ್ಪ್ರಿಂಗುಗಳು ಅದನ್ನು ಮುಚ್ಚಿಬಿಡುತ್ತಿದ್ದವು. ತಂಡ ಆ ವರ್ಷದ ಅಂಕಗಳನ್ನೆಲ್ಲ ಕಳೆದುಕೊಂಡು 12 ತಿಂಗಳ ಬಹಿಷ್ಕಾರಕ್ಕೆ ಗುರಿಯಾಯಿತು. ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಚಾಲಕ ಯುಹಾ ಕಂಕುನೆನ್ ಅವರ ಅಂಕಗಳೂ ಅದರೊಡನೆ ಹೋದವು.

ಪಂದ್ಯದ ಕಾರಿಗೆ ಕಂಠವೇ ಸಂಕೋಲೆಯಾಗಿತ್ತು. ಮನೆಯ ಕಾರಿಗೆ ಹಾಗಿಲ್ಲ. ವಾಲ್ವು, ಕ್ಯಾಮ್‌ಶಾಫ್ಟ್, ಸಿಲಿಂಡರುಗಳನ್ನೇ ಬದಲಿಸಿ ಎಂಜಿನ್ನಿನ ಹಸಿವನ್ನು ಹೆಚ್ಚಿಸಿದವರು ಕಂಠವನ್ನು ಹಿಗ್ಗಿಸುವುದು ನ್ಯಾಯ. ಉಳಿದವರು ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿ, ಥ್ರಾಟಲ್ ತಟ್ಟೆಗೆ ಅಂಟಿದ ಮಸಿಯನ್ನು ಬಲ್ಲ ಮೆಕ್ಯಾನಿಕನಿಂದ ತೆಗೆಸಿದರೆ ಸಾಕು. ಕಳೆದುಹೋಗಿದ್ದ ಚುರುಕು ಅದರಿಂದಲೇ ಮರಳಿದರೂ ಮರಳೀತು. ಲೇತಿನ ಖರ್ಚಂತೂ ಉಳಿಯುತ್ತದೆ.