ಆಪತ್ತಿನ ಚೀಲವೂ ಕೈಯ ಅಭ್ಯಾಸವೂ

ಆಪತ್ಕಾಲಕ್ಕೆಂದು ಮನೆಯಲ್ಲಿ ಒಂದು ಚೀಲವನ್ನು ಸಿದ್ಧಮಾಡಿಡುವದು ವಿವೇಕವುಳ್ಳ ಗೃಹಿಣಿಯ ಲಕ್ಷಣವೇ ಸರಿ. ಟಾರ್ಚು, ಸೀಟಿ, ಬೆಂಕಿಪೆಟ್ಟಿಗೆ, ಗಾಯಪಟ್ಟಿ, ಉಪ್ಪು, ಸಕ್ಕರೆ ಮುಂತಾದವು ಅದರಲ್ಲಿರುವವು. ಆದರೆ ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಮಾತ್ರಕ್ಕೆ ಕುಟುಂಬಕ್ಕೆ ರಕ್ಷಣೆಯಾಯಿತೆಂದು ನೆಮ್ಮದಿ ತಾಳುವದು ತಪ್ಪೆಂದು ನನ್ನ ಅಭಿಪ್ರಾಯ.

ಈ ಮಾತನ್ನು ನಾನು ನಾಚಿಕೆಪಟ್ಟೇ ಕಲಿತೆನು. ೨೦೧೮ನೆಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದು ದಾರಿಗಳು ಮುಚ್ಚಿಹೋದಾಗ ನಾವು ಅಲ್ಲಿ ಬಂಧುಗಳ ಮನೆಯಲ್ಲಿದ್ದೆವು. ದೀಪಗಳು ಆರಿದವು. ನನ್ನ ಚೀಲದ ಟಾರ್ಚು ಉರಿಯಲಿಲ್ಲ. ಎರಡು ವರುಷ ಒಳಗೇ ಇದ್ದ ಬ್ಯಾಟರಿಯು ಸೋರಿ ತಗಡನ್ನು ತಿಂದುಹಾಕಿತ್ತು. ಅತ್ತೆಯವರು ಮೆಟ್ಟಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ತ್ರಿಕೋನಪಟ್ಟಿಯಿಂದ ಕೈಗೆ ಜೋಲಿ ಕಟ್ಟುವದರಲ್ಲಿ ಒಮ್ಮೆ ಶಾಲೆಯ ಗೈಡ್ ದಳದಲ್ಲಿ ಬಹುಮಾನ ಪಡೆದಿದ್ದ ನಾನು, ಗಂಟನ್ನು ಎಲ್ಲಿ ಹಾಕಬೇಕೆಂದು ತೋಚದೆ ಕತ್ತಲೆಯಲ್ಲಿ ನಿಂತೆನು. ಕೊನೆಗೆ ಜೋಲಿಯನ್ನು ಕಟ್ಟಿದವಳು, ಹಿಂದಿನ ತಿಂಗಳಷ್ಟೇ ಅದನ್ನು ಅಭ್ಯಾಸಮಾಡಿದ್ದ ಹನ್ನೆರಡು ವರುಷದ ನಮ್ಮ ಹುಡುಗಿ.

ಕಲಿತದ್ದು ಬೇರೆ, ಕೈಗೆ ಬಂದದ್ದು ಬೇರೆ. ೨೦೧೧ನೆಯ ಮಾರ್ಚ್ ೧೧ರಂದು ಜಪಾನಿನಲ್ಲಿ ಭೂಮಿ ನಡುಗಿ ಸಮುದ್ರವು ಉಕ್ಕಿಬಂದಾಗ, ಕಮಾಯಿಶಿ ಪಟ್ಟಣದಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರ ಕೈಹಿಡಿದು ಎತ್ತರದ ಸ್ಥಳಕ್ಕೆ ಓಡಿ ಬದುಕಿಕೊಂಡರು. ಹಾಗೆ ಓಡುವದನ್ನು ಅವರು ಶಾಲೆಯಲ್ಲಿ ಮೊದಲೇ ಅಭ್ಯಾಸಮಾಡಿದ್ದರು.

ಮನೆಗೆಲಸ, ಉದ್ಯೋಗಗಳ ನಡುವೆ ಇದಕ್ಕೆ ಸಮಯವೆಲ್ಲಿ ಎಂದು ಕೆಲವರು ಕೇಳಬಹುದು. ತಿಂಗಳಿಗೆ ಅರ್ಧ ತಾಸು ಸಾಕು. ಒಂದು ಸಂಜೆ ದೀಪಗಳನ್ನಾರಿಸಿ ಚೀಲವನ್ನು ಹುಡುಕಿ ತೆಗೆಯಿರಿ. ಬ್ಯಾಟರಿಗಳನ್ನು ಟಾರ್ಚಿನ ಹೊರಗೇ ಇಟ್ಟು, ಕತ್ತಲೆಯಲ್ಲಿ ಅವನ್ನು ಸೇರಿಸುವದನ್ನು ಕಲಿಯಿರಿ. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಚಹಾಚಮಚ ಸಕ್ಕರೆಯನ್ನೂ ಅರ್ಧ ಚಹಾಚಮಚ ಉಪ್ಪನ್ನೂ ಕಲಸಿ, ಭೇದಿಯಾದವರಿಗೆ ಕೊಡುವ ಪಾನಕವನ್ನು ಮಾಡಿನೋಡಿರಿ. ನಿಮಿಷಕ್ಕೆ ಆರು ಸಾರಿ ಸೀಟಿ ಊದಿ, ಒಂದು ನಿಮಿಷ ಸುಮ್ಮನಿದ್ದು ಮರಳಿ ಊದುವದು ಬೆಟ್ಟಸೀಮೆಯಲ್ಲಿ ಸಹಾಯ ಬೇಡುವ ಸಂಕೇತವೆಂದು ಮಕ್ಕಳಿಗೆ ತಿಳಿಸಿರಿ. ಇವೆಲ್ಲವನ್ನು ತಾಯಿಯೊಬ್ಬಳೇ ಮಾಡದೆ ಮಕ್ಕಳ ಕೈಯಿಂದಲೇ ಮಾಡಿಸತಕ್ಕದ್ದು. ಯಾಕಂದರೆ ಆಪತ್ತು ಬರುವ ದಿನ ತಾಯಿಯು ಮನೆಯಲ್ಲಿರುವಳೆಂಬ ನಿಶ್ಚಯವಿಲ್ಲ.

ಹಳೆಯ ವಿದ್ಯಾರ್ಥಿನಿಯರು ಲಕ್ಷಿಸಬೇಕಾದ ಮತ್ತೊಂದು ಸಂಗತಿಯುಂಟು. ಹಾವು ಕಚ್ಚಿದರೆ ಗಾಯದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬೇಕೆಂದು ನಮ್ಮಲ್ಲಿ ಅನೇಕರು ಕಲಿತಿದ್ದೇವೆ. ಅದು ಹಾನಿಕರವೆಂದೂ, ಕಚ್ಚಿದ ಅಂಗವನ್ನು ಅಲುಗಿಸದೆ ರೋಗಿಯನ್ನು ಬೇಗನೆ ಆಸ್ಪತ್ರೆಗೆ ಒಯ್ಯಬೇಕೆಂದೂ ಈಗಿನ ವೈದ್ಯರು ಹೇಳುವರು. ಅಭ್ಯಾಸವನ್ನು ಬಿಟ್ಟವರು ಮರೆಯುವದು ಮಾತ್ರವಲ್ಲ, ತಪ್ಪಾದುದನ್ನು ನೆನಪಿಟ್ಟುಕೊಂಡಿರುವದೂ ಉಂಟು.

ಆದದರಿಂದ ನನ್ನದೊಂದು ಸೂಚನೆ: ನಮ್ಮ ಸಂಘದ ವಾರ್ಷಿಕ ಕೂಟದಲ್ಲಿ ಭಾಷಣಗಳಿಗೆ ಮುಂಚೆ ಅರ್ಧ ತಾಸು ಹಳಬರೆಲ್ಲರೂ ಈಗಿನ ಬಾಲಿಕೆಯರ ಜತೆಯಲ್ಲಿ ಕುಳಿತು ಜೋಲಿ ಕಟ್ಟಲಿ. ಅವರಿಂದ ಕಲಿಯಲು ನಾವು ನಾಚಬೇಕಾಗಿಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದವರ ಗತಿ ಏನೆಂಬದನ್ನು ಆ ರಾತ್ರಿ ನಾನು ಕಂಡಿದ್ದೇನೆ.