ಶುದ್ಧ ಸಂಗೀತವೂ ವಿದ್ಯುದ್ವಾದ್ಯವೂ

ಸಂಗೀತವಿಮರ್ಶಕರಲ್ಲಿ ಒಂದು ಪಂಗಡವುಂಟು. ವಾದ್ಯಕ್ಕೆ ವಿದ್ಯುತ್ತಿನ ಸೋಂಕು ತಗಲಿತೆಂದರೆ ಸಾಕು, ಕಲೆಯೇ ಕೆಟ್ಟಿತೆಂದು ಇವರು ಕೂಗುವರು. ಜಾಝ್ ಸಂಗೀತದಲ್ಲಿ ಈ ತೀರ್ಪಿಗೆ ಗುರಿಯಾದವರಲ್ಲಿ ಷಿಕಾಗೋ ನಗರದ ಸ್ಯಾಕ್ಸೊಫೋನ್ ವಾದಕ ಎಡ್ಡಿ ಹ್ಯಾರಿಸ್ (1934–1996) ಒಬ್ಬನು. 1960ರ ದಶಕದ ಉತ್ತರಾರ್ಧದಲ್ಲಿ ಆತನು 'ವ್ಯಾರಿಟೋನ್' ಎಂಬ ಯಂತ್ರವನ್ನು ತನ್ನ ವಾದ್ಯಕ್ಕೆ ಜೋಡಿಸಿಕೊಂಡನು. ನಾದವನ್ನು ಹಿಗ್ಗಿಸುವುದು, ಅದರೊಡನೆ ಒಂದು ಸ್ಥಾಯಿ ಕೆಳಗಿನ ಸ್ವರವನ್ನೂ ಹೊರಡಿಸುವುದು, ಪ್ರತಿಧ್ವನಿಯನ್ನು ಸೇರಿಸುವುದು ಇವೇ ಅದರ ಕಾರ್ಯ.

ವಿದ್ಯೆ ಸಾಲದವನು ಯಂತ್ರದ ಮರೆಹೊಕ್ಕನೆಂಬುದು ಮೊದಲನೆಯ ಆಕ್ಷೇಪ. ಇತಿಹಾಸವು ಇದನ್ನೊಪ್ಪದು. ವಿಶಾಲವಾದ ಸ್ವರಾಂತರಗಳಲ್ಲಿ ಜಿಗಿಯುತ್ತ ಸಾಗುವ ಆತನ 'ಫ್ರೀಡಂ ಜಾಝ್ ಡ್ಯಾನ್ಸ್' 1965ರಲ್ಲಿಯೇ ಧ್ವನಿಮುದ್ರಿತವಾಯಿತು. ಮರುವರ್ಷವೇ ಮೈಲ್ಸ್ ಡೇವಿಸನಂಥ ಧುರೀಣನು ಅದನ್ನು ತನ್ನ ಮೇಳದಲ್ಲಿ ನುಡಿಸಿದನು. ಯಂತ್ರವು ಬಂದದ್ದು ವಿದ್ಯೆಯ ಬಳಿಕ.

ಹಣದಾಸೆಯೆಂಬುದು ಎರಡನೆಯದು. ಆದರೆ 1961ರಲ್ಲಿಯೇ 'ಎಕ್ಸೊಡಸ್' ಚಲಚ್ಚಿತ್ರದ ಸಂಗೀತವನ್ನು ಬರಿಯ ವಾದ್ಯದಲ್ಲಿ ನುಡಿಸಿ ಆತನು ಅಪಾರ ಜನಪ್ರಿಯತೆಯನ್ನು ಗಳಿಸಿದ್ದನು. ಧನವೊಂದೇ ಗುರಿಯಾಗಿದ್ದರೆ ಪಳಗಿದ ಆ ಹಾದಿಯನ್ನು ಬಿಡಬೇಕಾದ ಕಾರಣವೇನಿತ್ತು?

ಮೂರನೆಯದು ಲಯದ ಮೇಲಣ ದೂರು. 1967ರಲ್ಲಿ ಮುದ್ರಿತವಾದ 'ಲಿಸನ್ ಹಿಯರ್' ಎಂಬುದರಲ್ಲಿ ಫಂಕ್ ಶೈಲಿಯ ಒಂದೇ ಲಯವಿನ್ಯಾಸವು ಏಳು ನಿಮಿಷಕ್ಕೂ ಮಿಕ್ಕಿ ಮರಳಿ ಮರಳಿ ಬರುವುದು. ಇದು ಕಾಲಿನ ಸಂಗೀತವೇ ಹೊರತು ಬುದ್ಧಿಯದಲ್ಲವೆನ್ನುವರು. ನ್ಯೂ ಆರ್ಲಿಯನ್ಸಿನ ಮೆರವಣಿಗೆಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ಬೆಳೆದ ಜಾಝನ್ನು ಕಾಲಿನಿಂದ ಬೇರ್ಪಡಿಸುವುದು ಮಗುವನ್ನು ತಾಯಿಯಿಂದ ಅಗಲಿಸಿದಂತೆ. ಹಾಸು ಒಂದೇ ತೆರನಾಗಿರುವುದರಿಂದಲೇ ಹೊಕ್ಕಿನ ಬಣ್ಣವು ಎದ್ದು ಕಾಣುವುದೆಂಬುದನ್ನು ನೇಕಾರನು ಬಲ್ಲನು, ವಿಮರ್ಶಕನು ಅರಿಯನು!

ವಾದ್ಯದ ಶುದ್ಧಿ ಕೆಟ್ಟಿತೆಂಬುದು ಕೊನೆಯ ಆಕ್ಷೇಪ. ಸ್ಯಾಕ್ಸೊಫೋನ್ ತಾನೇನು ಪುರಾತನವೆ? ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ಹಿತ್ತಾಳೆಯ ಒಡಲಿಗೆ ಪೀಪಿಯ ಸೀಳನ್ನಿಟ್ಟು ರಚಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ಸ್ವಾಮ್ಯಪತ್ರ ಪಡೆದ ಯಂತ್ರವದು. ಅದೇ ವಾದ್ಯದಲ್ಲಿ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿದಾಗ ಕನ್ನಡಿಗರು ಹೆಮ್ಮೆಪಟ್ಟರು. ಒಂದು ಹೊಸತನಕ್ಕೆ ಹಾರ, ಇನ್ನೊಂದಕ್ಕೆ ಬಹಿಷ್ಕಾರವೆಂಬುದು ನ್ಯಾಯವಲ್ಲ.

ಯಂತ್ರವೆಲ್ಲವೂ ಗುಣವೆಂದು ಇಲ್ಲಿ ವಾದವಿಲ್ಲ. ಪ್ರತಿಧ್ವನಿಯು ದೋಷವನ್ನು ಮರೆಮಾಚಬಲ್ಲದು. ಹ್ಯಾರಿಸನ ಪ್ರಯೋಗಗಳೆಲ್ಲವೂ ಒಂದೇ ತೂಕದವಲ್ಲ. ಆದರೆ ಅವನ್ನು ತೂಗತಕ್ಕದ್ದು ಕಿವಿಯೇ ಹೊರತು ವಿದ್ಯುತ್ತಿನ ಭೀತಿಯಲ್ಲ. ಕೇಳುವ ಮೊದಲೇ ತೀರ್ಪನ್ನು ಬರೆದಿಡುವ ವಿಮರ್ಶೆಯಿಂದ ಹ್ಯಾರಿಸನಿಗೆ ಇನ್ನು ಯಾವ ಹಾನಿಯೂ ಇಲ್ಲ. ಕುಗ್ಗುವುದು ಹೊಸದನ್ನು ನುಡಿಸಹೊರಟ ತರುಣನ ಧೈರ್ಯ.